ಕಬ್ಬಿಣದ ಗೋಪುರದ ಕೊನೆಯ ಕಂತು

ನನ್ನ ಮನೆಯ ಊಟದ ಮೇಜಿನಲ್ಲಿ ಸಾವಿನ ಸುದ್ದಿ ಎತ್ತುವ ಹಾಗಿರಲಿಲ್ಲ. ಸಾರನಾಕ್ ಲೇಕ್ ಊರಿನಲ್ಲಿ ಕ್ಷಯದವರನ್ನು ಇಟ್ಟುಕೊಳ್ಳುವ ಎಲ್ಲ ಮನೆಗಳಲ್ಲೂ ಅದೇ ಕಟ್ಟಳೆ. ಯಾರಾದರೂ ತೀರಿಕೊಂಡರೆ ಮಿಕ್ಕವರು ಊಟಕ್ಕೆ ಕೂತಿರುವಾಗ ಗ್ರಾಮಫೋನು ಹಚ್ಚಿ, ಹಿಂಬಾಗಿಲಿನಿಂದ ಸಾಗಿಸುತ್ತಿದ್ದೆವು. ಆಮೇಲೆ ಆ ಕುರ್ಚಿಗೆ ಇನ್ನೊಬ್ಬರು ಬರುತ್ತಿದ್ದರು. ಅವರೆಲ್ಲಿ ಎಂದು ಯಾರಾದರೂ ಕೇಳಿದರೆ "ಬೇರೆ ಮನೆಗೆ ಹೋದ್ರು" ಎನ್ನುತ್ತಿದ್ದೆ. ಎದ್ದು ಓಡಾಡುವವರಿಗೆ ಅದರ ಅರ್ಥ ಗೊತ್ತಾಗುತ್ತಿತ್ತು. ಹಾಸಿಗೆ ಹಿಡಿದವರು ನಂಬುತ್ತಿದ್ದರು, ಅಥವಾ ನಂಬಿದರೆ ಒಳ್ಳೆಯದೆಂದು ಸುಮ್ಮನಿರುತ್ತಿದ್ದರು. ಗಂಡ ಕ್ಲೋವಿಸ್ ಹೋದ ಮೇಲೆ ಹತ್ತು ವರ್ಷ ನಾನು ಈ ಮನೆಯನ್ನು ಹಾಗೆಯೇ ನಡೆಸಿದೆ. ಅದು ತಪ್ಪೆಂದು ಒಂದು ದಿನವೂ ಅನ್ನಿಸಿರಲಿಲ್ಲ.

ಸಾವಿರದ ಒಂಬೈನೂರ ಮೂವತ್ತಮೂರರ ಚಳಿಗಾಲಕ್ಕೆ ನನ್ನ ಮನೆಯಲ್ಲಿ ಎಂಟು ಜನ ಇದ್ದರು. ಕೆಳಗಿನ ವರಾಂಡದಲ್ಲಿ ಗಂಡಸರು, ಮೇಲಿನ ವರಾಂಡದಲ್ಲಿ ಹೆಂಗಸರು. ಗಾಳಿಯೇ ಔಷಧ ಎಂದು ಡಾಕ್ಟರರ ಮಾತು. ಹಿಮ ಬೀಳುತ್ತಿದ್ದರೂ ಕಂಬಳಿ, ತುಪ್ಪಳದ ಕೋಟು, ಕಾಲ ಬುಡದಲ್ಲಿ ಬಿಸಿನೀರಿನ ಜಾಡಿ ಇಟ್ಟುಕೊಂಡು ಎಲ್ಲರೂ ಹೊರಗೇ ಮಲಗಿರುತ್ತಿದ್ದರು.

ಕೆಳಗಿನ ಮೂಲೆಯ ಮಂಚ ರಾಯ್ಡನ್ ಪೆಲ್‌ನದು. ವಯಸ್ಸು ಮೂವತ್ತನಾಲ್ಕು. ಓಹಾಯೋದ ಟೊಲೀಡೋದಲ್ಲಿ ಟ್ರಾಮಿನ ಕಂಡಕ್ಟರ್ ಆಗಿದ್ದವನು, ಆಮೇಲೆ ಕತೆ ಬರೆಯುವ ಕೆಲಸ ಹಿಡಿದ. 'ದೂರ ದಿಗಂತ' ಎಂಬ ಮಾಸಪತ್ರಿಕೆಗೆ ಸಮುದ್ರಗಳ್ಳರು, ರೆಕ್ಕೆ ಬಂದ ಹಲ್ಲಿಗಳು, ಕತ್ತಿವರಸೆ, ಕಾಣದ ದ್ವೀಪಗಳು, ಇಂಥವನ್ನೆಲ್ಲ ಬರೆಯುತ್ತಿದ್ದ. ನೀನು ಸಮುದ್ರ ನೋಡಿದ್ದೀಯಾ ಎಂದು ಮೊದಲ ವಾರವೇ ಕೇಳಿದೆ.

"ಇಲ್ಲ ಮಾ. ಓಹಾಯೋ ಬಿಟ್ಟು ನಾನು ಹೋಗಿರೋ ಒಂದೇ ದ್ವೀಪ ನಿಮ್ಮ ವರಾಂಡ," ಅಂದ.

ಎಲ್ಲರೂ ನನ್ನನ್ನು ಮಾ ಎಂದೇ ಕರೆಯುತ್ತಿದ್ದರು. ಒಡೀಲ್ ಟ್ರಾಂಬ್ಲಿ ಎಂಬ ಹೆಸರು ಬಿಲ್ಲಿನ ಮೇಲೆ ಮಾತ್ರ.

ಆ ಪತ್ರಿಕೆಯ ಕಾಗದ ಬೆರಳಿಗೆ ಅಂಟುವಂಥ ಒರಟು ಕಾಗದ, ಆರು ತಿಂಗಳಿಗೆ ಹಳದಿಯಾಗಿ ಪುಡಿಯಾಗುತ್ತಿತ್ತು. ಅದರ ಹುಟ್ಟು ನನಗೆ ಗೊತ್ತಿತ್ತು. ಕ್ಲೋವಿಸ್ ಜೀವನವೆಲ್ಲ ಕಡಿದದ್ದು ಕಾಗದದ ಗಿರಣಿಗೆ ಹೋಗುವ ಮರವನ್ನೇ. ಒಳಗೇನು ಅಚ್ಚಾಗುತ್ತದೆಂದು ಅವನೂ ಕೇಳಿದವನಲ್ಲ, ನಾನೂ ಕೇಳಿದವಳಲ್ಲ.

ಈ ಕಸುಬಿನ ರೀತಿಯೇ ತಲೆಕೆಳಗು ಎಂದು ರಾಯ್ಡನ್ ಬಂದ ಮೇಲೆ ತಿಳಿಯಿತು. ಮೊದಲು ಮುಖಪುಟದ ಚಿತ್ರ ಬರೆಸುತ್ತಾರೆ, ಅದಕ್ಕೆ ಹೊಂದುವ ಹಾಗೆ ಆಮೇಲೆ ಕತೆ ಬರೆಸುತ್ತಾರೆ. ನವೆಂಬರಿನಲ್ಲಿ ನ್ಯೂಯಾರ್ಕಿನ ಸಂಪಾದಕ ಒಂದು ಬಣ್ಣದ ಹಾಳೆ ಕಳಿಸಿದ. ಸಮುದ್ರದ ನಡುವೆ ಕಬ್ಬಿಣದ ಗೋಪುರ, ಅದರ ತುದಿಯಲ್ಲಿ ತೆಳ್ಳನೆ ಬಟ್ಟೆಯ ಒಬ್ಬ ರಾಣಿ, ಹಗ್ಗ ಹಿಡಿದು ಹತ್ತುತ್ತಿರುವ ಕತ್ತಿಯವನು, ಅವನ ಹಿಂದೆ ಹಸಿರು ರೆಕ್ಕೆಯ ಹಲ್ಲಿ. ಆರು ಕಂತಿನ ಧಾರಾವಾಹಿ ಬೇಕಂತೆ.

"ಈ ಚಳೀಲಿ ಇಷ್ಟು ತೆಳು ಬಟ್ಟೇಲಿ ಯಾಕೆ ನಿಂತಿದಾಳೆ?" ಎಂದೆ.

"ಅದನ್ನ ಹೇಳೋದಕ್ಕೇ ನನಗೆ ಆರು ಕಂತು ಬೇಕು ಮಾ."

ಕತೆಯ ಮೇಲೆ ಅವನ ಹೆಸರು ಬರುತ್ತಿರಲಿಲ್ಲ. 'ಕ್ಯಾಪ್ಟನ್ ಗ್ರಾಂಟ್ ಹ್ಯಾಲೋವೆ' ಎಂದು ಬರುತ್ತಿತ್ತು. ಅಂಥ ಕ್ಯಾಪ್ಟನ್ನು ಎಲ್ಲೂ ಇರಲಿಲ್ಲ. ಅದು ಪತ್ರಿಕೆಯ ಸ್ವತ್ತಾದ ಹೆಸರು. ಒಬ್ಬ ಬರೆಯುವುದು ನಿಲ್ಲಿಸಿದರೆ ಇನ್ನೊಬ್ಬ ಅದೇ ಹೆಸರಿನಲ್ಲಿ ಬರೆಯುತ್ತಾನೆ, ಓದುವವರಿಗೆ ತಿಳಿಯುವುದಿಲ್ಲ. ರಾಯ್ಡನ್‌ಗಿಂತ ಮುಂಚೆ ಇಬ್ಬರು ಕ್ಯಾಪ್ಟನ್ ಆಗಿದ್ದರಂತೆ.

ಮೇಲಿನ ವರಾಂಡದಲ್ಲಿ, ಸರಿಯಾಗಿ ಅವನ ನೆತ್ತಿಯ ಮೇಲೆ, ಥಿಯಾ ಲಿಂಡ್‌ಕ್ವಿಸ್ಟ್ ಮಲಗಿದ್ದಳು. ಬ್ರೂಕ್ಲಿನ್ನಿನ ಹುಡುಗಿ, ಇಪ್ಪತ್ತಾರು ವರ್ಷ. ಅವಳು ಅದೇ ಪತ್ರಿಕೆಗೆ ಮಸಿಯಲ್ಲಿ ಚಿತ್ರ ಬರೆಯುವವಳು. ಹೆಂಗಸೆಂದು ತಿಳಿದರೆ ಹಲ್ಲಿ, ಕತ್ತಿ ಇವನ್ನೆಲ್ಲ ಕೊಡುವುದಿಲ್ಲವೆಂದು 'ಟಿ. ಲಿಂಡ್' ಎಂದಷ್ಟೇ ಸಹಿ ಹಾಕುತ್ತಿದ್ದಳು. ಇಬ್ಬರ ವಿಳಾಸವೂ ಒಂದೇ ಎಂದು ಕಂಡ ಸಂಪಾದಕನಿಗೆ ಬಲು ಖುಷಿಯಾಗಿ, 'ಚಿತ್ರದ ಕೆಲಸ ನಿನ್ನ ಪಕ್ಕದ ಹಾಸಿಗೆಯವನಿಗೇ ಕೊಟ್ಟಿದ್ದೇನೆ, ಇಬ್ಬರೂ ಸೇರಿ ಕೆಮ್ಮಿಕೊಂಡು ಮಾಡಿ' ಎಂದು ರಾಯ್ಡನ್‌ಗೆ ಬರೆದ.

ಪಕ್ಕದ ಹಾಸಿಗೆ ಎಲ್ಲಿಂದ ಬಂತು! ಥಿಯಾಗೆ ಎದ್ದು ಕೂರಲೂ ಅಪ್ಪಣೆ ಇರಲಿಲ್ಲ. ಡಾಕ್ಟರ್ ವಿಟ್‌ಬೆಕ್ ಅವಳಿಗೆ ದಿನಕ್ಕೆ ಅರ್ಧ ಗಂಟೆ ಚಿತ್ರ ಬರೆಯಲು ಬಿಟ್ಟಿದ್ದೇ ಹೆಚ್ಚು. ರಾಯ್ಡನ್‌ಗೆ ಟೈಪು ಮಾಡುವುದು ಪೂರಾ ನಿಷಿದ್ಧ. ತೋಳು ಎತ್ತಿದರೆ ಶ್ವಾಸಕೋಶ ಹರಿಯುತ್ತದೆ ಅಂದರು. ಹಾಗಾಗಿ ಮಧ್ಯಾಹ್ನದ ಹೊತ್ತು ನಾನು ಅವನ ಮಂಚದ ಪಕ್ಕ ಕೂತು, ಅವನು ಪಿಸುದನಿಯಲ್ಲಿ ಹೇಳಿದ್ದನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದೆ. ನಾನು ಓದಿದ್ದು ಆರನೆಯ ತರಗತಿ, ಆದರೆ ನನ್ನ ಅಕ್ಷರ ದುಂಡಗಿದೆ. ಆ ಹಾಳೆಗಳನ್ನು ಮೇಲಕ್ಕೆ ಒಯ್ದು ಥಿಯಾಗೆ ಕೊಡುವುದು, ಅವಳು ಬರೆದ ಚಿತ್ರವನ್ನು ಕೆಳಗೆ ತಂದು ತೋರಿಸುವುದು, ಆಮೇಲೆ ಅಂಚೆ ಕಚೇರಿಯ ಪಕ್ಕದ ಟೈಪಿಸ್ಟಳಿಗೆ ಹಾಳೆ ಕೊಟ್ಟು ನ್ಯೂಯಾರ್ಕಿಗೆ ಕಳಿಸುವುದು. ಎಲ್ಲ ನನ್ನ ಕಾಲಿನ ಕೆಲಸ.

ಗಂಡಹೆಂಡಿರನ್ನು ಬಿಟ್ಟು ಬಂದು ವರ್ಷಗಟ್ಟಲೆ ಮಲಗಿರುವ ಊರು ಇದು. ಯಾರಾದರೂ ಇಬ್ಬರಿಗೆ ಪರಸ್ಪರ ಹಿಡಿಸಿದರೆ ನಮ್ಮಲ್ಲಿ ಅವರನ್ನು 'ಕಸಿನ್' ಅನ್ನುತ್ತಾರೆ. ಯಾರೂ ಕಣ್ಣು ಕೆಂಪಗೆ ಮಾಡುವುದಿಲ್ಲ. ನಾನು ಹಾಳೆ ಹಿಡಿದು ಮೆಟ್ಟಿಲು ಹತ್ತುವುದನ್ನು ಕಂಡರೆ ಕೆಳಗಿನ ಗಂಡಸರು ಬಿಡುತ್ತಿರಲಿಲ್ಲ.

"ಪೆಲ್, ನಿನ್ನ ಕಸಿನ್‌ಗೆ ಮುತ್ತು ಕಳ್ಸಿದ್ಯೋ, ಬರೀ ಹಲ್ಲೀನೋ?"

"ಹಲ್ಲಿ ಕಣಯ್ಯಾ. ಸಂಪಾದಕ ಮುತ್ತಿಗೆಲ್ಲ ದುಡ್ಡು ಕೊಡಲ್ಲ," ಎನ್ನುತ್ತಿದ್ದ ರಾಯ್ಡನ್.

ಅವನಿಗೆ ಇದ್ದ ಆಸೆ ಒಂದೇ. ಆರನೆಯ ಕಂತು ಮುಗಿಸಬೇಕು. ಫೆಬ್ರವರಿಯಲ್ಲಿ ನಾಲ್ಕು ಮುಗಿದಾಗ ಅವನ ಮುಖ ಬತ್ತಿ ಹೋಗಿತ್ತು. ಕೊನೆಯಲ್ಲಿ ಏನಾಗುತ್ತದೆಂದು ಒಂದು ದಿನ ನನಗೆ ಹೇಳಿದ.

"ಆ ಕತ್ತಿಯವನು, ಕೆರ್ನ್, ಗೋಪುರ ಹತ್ತುತ್ತಾನೆ, ಹಲ್ಲಿ ಕೊಲ್ತಾನೆ. ಆದ್ರೆ ರಾಣಿ ಸೊರಿಲ್ ಮೇಲಿಂದ ಬಿದ್ದು ಸಾಯ್ತಾಳೆ."

"ಅಯ್ಯೋ, ಅಷ್ಟೆಲ್ಲ ಹತ್ತಿಸಿ ಸಾಯ್ಸೋದಾ?"

"ಸಾಯ್ದಿದ್ರೆ ಅವನು ಮುಂದಿನ ದ್ವೀಪಕ್ಕೆ ಹೇಗೆ ಹೊರಡ್ತಾನೆ ಮಾ? ಹೆಂಡ್ತಿ ಕಟ್ಕೊಂಡ ನಾಯಕನ್ನ ಯಾರು ಓದ್ತಾರೆ?"

ಅದು ಕಸುಬಿನ ಮಾತು. ಅವನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಮಾರ್ಚ್ ಹನ್ನೊಂದರ ಸಂಜೆ, ಐದನೆಯ ಕಂತಿನ ಮೂರು ಹಾಳೆ ಆಗಿದ್ದಾಗ, ಅವನ ಬಾಯಿಂದ ರಕ್ತ ಬಂತು. ಹತ್ತು ನಿಮಿಷವೂ ಹಿಡಿಯಲಿಲ್ಲ. ನಾನು ಕೈ ಹಿಡಿದುಕೊಂಡೇ ಇದ್ದೆ. ಒಳಗೆ ಎಲ್ಲರೂ ಬಟಾಣಿ ಸೂಪು ಕುಡಿಯುತ್ತಿದ್ದರು. ಗ್ರಾಮಫೋನು ಹಾಕಿಸಿದೆ.

ಮರುದಿನ ಡಾಕ್ಟರ್ ವಿಟ್‌ಬೆಕ್ ಮೇಲಿನಿಂದ ಇಳಿದು ಬಂದು ನನ್ನನ್ನು ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡರು.

"ಆ ಹುಡುಗಿ ಜ್ವರ ನಾಲ್ಕು ತಿಂಗಳಲ್ಲಿ ಮೊದಲನೇ ಸಲ ಇಳೀತಾ ಇದೆ. ಈಗ ಮನಸ್ಸಿಗೆ ಪೆಟ್ಟು ಬಿದ್ರೆ ಅಷ್ಟೂ ಹೋಯ್ತು. ಸುದ್ದಿ ಹೇಳ್ಬೇಡಿ ಟ್ರಾಂಬ್ಲಿ. ಅವಳು ಕಣ್ಣು ಬಿಡೋದೇ ಆ ಹಾಳೆ ಬರುತ್ತೆ ಅಂತ."

"ಹಾಳೆ ಎಲ್ಲಿಂದ ತರ್ಲಿ ಡಾಕ್ಟ್ರೇ?"

"ಅದು ನನಗೆ ಗೊತ್ತಿಲ್ಲ," ಎಂದು ಟೋಪಿ ಹಾಕಿಕೊಂಡು ಹೋದರು.

ಇದ್ದ ಮೂರು ಹಾಳೆಯನ್ನು ದಿನಕ್ಕೊಂದರಂತೆ ಕೊಟ್ಟೆ. ನಾಲ್ಕನೆಯ ದಿನ ಅಡುಗೆಮನೆಯ ಮೇಜಿನ ಮುಂದೆ ಪೆನ್ಸಿಲು ಹಿಡಿದು ಕೂತೆ. ಅಕ್ಷರ ಹೇಗಿದ್ದರೂ ಮೊದಲಿನಿಂದ ನನ್ನದೇ, ಅವಳಿಗೆ ಗುರುತು ಸಿಗುವ ಹಾಗಿರಲಿಲ್ಲ. ಆದರೆ ಏನು ಬರೆಯುವುದು? ಕೆರ್ನ್ ಗೋಪುರದ ನಡುವಿನ ಕಿಟಕಿಯೊಂದರಲ್ಲಿ ತೂರಿದ್ದ, ಹೊರಗೆ ಹಲ್ಲಿ ಸುತ್ತುತ್ತಿತ್ತು. ಕತ್ತಿ ಹೇಗೆ ಬೀಸುತ್ತಾರೆಂದು ನನಗೆ ತಿಳಿಯದು. ಕೊಡಲಿ ಗೊತ್ತು. ಆದ್ದರಿಂದ ಅವನ ಕತ್ತಿ ಮುರಿಸಿ ಕೊಡಲಿ ಕೊಟ್ಟೆ. ಹಲ್ಲಿಯನ್ನು ಎರಡೇ ಸಾಲಿನಲ್ಲಿ ಕೊಂದೆ. ಆಮೇಲೆ ಅವನು ರಾಣಿಯ ಕೋಣೆಗೆ ಹೋಗುತ್ತಾನೆ. ಅಲ್ಲಿ ಕೊರೆಯುವ ಚಳಿ, ಅವಳ ಕಾಲಿನ ಬೂಟು ಬಾಯಿ ಬಿಟ್ಟಿದೆ. ಅವನು ಒಲೆ ಹಚ್ಚಿ, ಗೋಡೆಗೆ ಬೆನ್ನು ಕೊಟ್ಟು ಕೂತು, ತೊಗಲಿನ ದಾರದಿಂದ ಆ ಬೂಟು ಹೊಲಿಯುತ್ತಾನೆ. ಹೊಲಿಯುವಾಗ ಮಾತಾಡುವುದಿಲ್ಲ. ಮುಗಿದ ಮೇಲೆ ಬೂಟನ್ನು ಒಲೆಯ ಹತ್ತಿರ ಬೆಚ್ಚಗೆ ಮಾಡಿ, ತನ್ನ ಅಂಗೈಯಲ್ಲಿ ಅವಳ ಪಾದ ಹಿಡಿದು ತೊಡಿಸುತ್ತಾನೆ.

ಇದರಲ್ಲಿ ನಾನು ಕಲ್ಪಿಸಿದ್ದು ಏನೂ ಇಲ್ಲ. ನಮಗೆ ಮದುವೆಯಾದ ವರ್ಷ, ಮರ ಕಡಿಯುವವರ ಬಿಡಾರದಲ್ಲಿ, ಕ್ಲೋವಿಸ್ ಮಾಡಿದ್ದನ್ನು ಹಾಗೆಯೇ ಇಳಿಸಿದ್ದೆ.

ಹಾಳೆ ಕೊಟ್ಟು ಕಂಬಳಿ ಮಡಿಸುವ ನೆಪದಲ್ಲಿ ಅಲ್ಲೇ ನಿಂತೆ. ಥಿಯಾ ಓದಿದಳು. ತಿರುಗಿ ಮೊದಲಿನಿಂದ ಓದಿದಳು.

"ಮಾ, ಇವತ್ತು ಪೆಲ್ ಅವರು ಬೇರೆ ಥರ ಬರ್ಸಿದಾರೆ."

ಮಡಿಸಿದ ಕಂಬಳಿಯನ್ನೇ ಮತ್ತೆ ಬಿಚ್ಚಿದೆ. "ಚೆನ್ನಾಗಿಲ್ವಾ?"

"ಹಾಗಲ್ಲ. ಇಷ್ಟು ದಿನ ಈ ಕೆರ್ನ್ ಅವಳನ್ನ ಸರಿಯಾಗಿ ನೋಡೇ ಇರ್ಲಿಲ್ಲ. ಇವತ್ತು ನೋಡಿದಾನೆ." ಹಾಳೆಯನ್ನು ಎದೆಯ ಮೇಲಿಟ್ಟುಕೊಂಡಳು. "ನನ್ನ ಕಾಲು ತಣ್ಣಗಿರುತ್ತೆ ಅಂತ ನೀವೇನಾದ್ರೂ ಅವರಿಗೆ ಹೇಳಿದ್ರಾ?"

"ಹೇಳಿರ್ಬೋದು," ಎಂದೆ.

ಆ ದಿನ ಅವಳು ಬರೆದ ಚಿತ್ರ ಬೂಟು ಹೊಲಿಯುವ ಕೆರ್ನ್‌ನದು. ಅಲ್ಲಿಯವರೆಗೆ ಅವಳ ಕೆರ್ನ್ ಬರೀ ತೋಳು, ಎದೆ, ಹಾರುವ ಕೂದಲು. ಈಗ ಅವನಿಗೊಂದು ಮುಖ ಬಂದಿತ್ತು.

ಹಾಗೆ ಐದನೆಯದೂ ಆರನೆಯದೂ ನಾನೇ ಬರೆದೆ. ಪಾತ್ರೆ ತೊಳೆದ ಮೇಲೆ ಮಧ್ಯಾಹ್ನ ಎರಡು ಗಂಟೆ ಅದಕ್ಕೇ. ಕೆರ್ನ್ ಹುರುಳಿಕಾಯಿ ಬೇಯಿಸಿದ, ಮಂಜು ಕರಗಿಸಿ ನೀರು ಮಾಡಿದ, ಸೊರಿಲ್‌ಗೆ ಜ್ವರ ಬಂದಾಗ ಮೂರು ದಿನ ಕುರ್ಚಿಯಲ್ಲೇ ಕೂತ. ನನ್ನೊಳಗೆ ಹತ್ತು ವರ್ಷ ಬೀಗ ಹಾಕಿದ್ದ ಪೆಟ್ಟಿಗೆ ತೆರೆದ ಹಾಗಿತ್ತು. ಒಮ್ಮೊಮ್ಮೆ ಒಲೆಯ ಮೇಲೆ ಹಾಲು ಉಕ್ಕಿದ್ದೂ ಗೊತ್ತಾಗುತ್ತಿರಲಿಲ್ಲ. ರಾಣಿಯನ್ನು ಬೀಳಿಸಬೇಕೆಂದು ರಾಯ್ಡನ್ ಹೇಳಿದ್ದು ನೆನಪಿತ್ತು. ಆದರೆ ಮೇಲೆ ಮಲಗಿದ್ದ ಹುಡುಗಿ ರಾಣಿಗೆ ತನ್ನದೇ ಮುಖ ಬರೆಯಲು ಶುರುಮಾಡಿದ್ದಳು. ನಾನು ಹೇಗೆ ಬೀಳಿಸಲಿ? ಕೊನೆಯ ಹಾಳೆಯಲ್ಲಿ ಹಡಗು ಬರುತ್ತದೆ, ಕೆರ್ನ್ ಹತ್ತುವುದಿಲ್ಲ. 'ನಾನು ಇಲ್ಲೇ ಇರುತ್ತೇನೆ' ಎನ್ನುತ್ತಾನೆ. ಸತ್ತವನ ಮಾತು ಮೀರಿ ಹಾಗೆ ಬರೆದೆ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಹಾಳೆಯ ಹಿಂದೆ ಅವಳು ಪೆಲ್‌ಗೆಂದು ಎರಡೆರಡು ಸಾಲು ಬರೆದು ಕಳಿಸತೊಡಗಿದಳು. 'ಮಂಜಿನ ನೀರಿಗೆ ರುಚಿ ಇರುತ್ತದೆಯೇ?' 'ಅವನು ಕುರ್ಚಿಯಲ್ಲಿ ಕೂತದ್ದು ಓದಿ ನಾನು ಅತ್ತೆ, ಡಾಕ್ಟರಿಗೆ ಹೇಳಬೇಡಿ.' ಉತ್ತರ ಕೊಡದಿದ್ದರೆ ಅನುಮಾನ ಬರುತ್ತಿತ್ತು, ಕೊಟ್ಟೆ. ಚಿಕ್ಕದಾಗಿಯೇ ಕೊಟ್ಟೆ, ಆದರೆ ಕೊಟ್ಟೆ.

ರಾಯ್ಡನ್‌ನ ಮಂಚಕ್ಕೆ ಯುಟಿಕಾದ ಒಬ್ಬ ಕ್ಷೌರಿಕ ಬಂದಿದ್ದ. ಒಳ್ಳೆಯ ಮನುಷ್ಯ, ಬೆಳಿಗ್ಗೆ ಬಿಸಿಲು ಬಿದ್ದರೆ ಮೂಗಿನಲ್ಲೇ ಏನಾದರೂ ಗುನುಗುತ್ತಿದ್ದ.

"ಅವರು ಗುನುಗ್ತಾರೆ ಮಾ!" ಎಂದಳು ಥಿಯಾ ಒಂದು ದಿನ. "ಮುಂಚೆ ಬರೀ ಕೆಮ್ಮು ಕೇಳ್ತಿತ್ತು. ಅವರಿಗೂ ವಾಸಿ ಆಗ್ತಾ ಇದೆ ಅಲ್ವಾ?"

ನಾನು ದಿಂಬು ತಟ್ಟುತ್ತಾ ಹೂಂ ಅಂದೆ.

ಅವಳ ಜ್ವರ ಏಪ್ರಿಲಿನಲ್ಲಿ ಪೂರ್ತಿ ನಿಂತಿತು. ಮೇ ತಿಂಗಳಲ್ಲಿ ಏಳು ಪೌಂಡು ತೂಕ ಏರಿತು. ಅದೇನೂ ಸಣ್ಣ ಮಾತಲ್ಲ. ಅವಳ ಜೊತೆಗೇ ಬಂದಿದ್ದ ಇಬ್ಬರು ಅಷ್ಟರಲ್ಲಿ ಹಿಂಬಾಗಿಲಿನಿಂದ ಹೋಗಿದ್ದರು. ಡಾಕ್ಟರ್ ತಲೆಯಾಡಿಸಿ, "ಏನು ಮಾಡಿದ್ರಿ ಟ್ರಾಂಬ್ಲಿ?" ಎಂದರು. ಹಾಳೆ ಎಲ್ಲಿಂದ ಬರುತ್ತಿತ್ತೆಂದು ಅವರು ಆಗಲೂ ಕೇಳಲಿಲ್ಲ.

ಆರನೆಯ ಕಂತು ಅಚ್ಚಾಗಿ ಹೊರಬಂದ ಮೇಲೆ ಸಂಪಾದಕನಿಗೆ ನಿಜ ಬರೆದು ತಿಳಿಸಿದೆ. ಪೆಲ್ ಒಳ್ಳೆಯ ಕೆಲಸಗಾರನಾಗಿದ್ದ, ಕೊನೆಯ ಎರಡು ಕಂತಿನಲ್ಲಿ ಅಡುಗೆ ಜಾಸ್ತಿಯಾಗಿ ಹೊಡೆದಾಟ ಕಡಿಮೆಯಾಯಿತೆಂದು ಓದುಗರು ಬೈದಿದ್ದಾರೆ, ಆದರೂ ನೀವು ಮಾಡಿದ್ದು ದೊಡ್ಡದು ಎಂದು ಮರ್ಯಾದೆಯ ಕಾಗದ ಬಂತು. ಅದನ್ನು ಒಲೆಗೆ ಹಾಕಿದೆ. ಎಲ್ಲ ಮುಗಿಯಿತು ಅಂದುಕೊಂಡೆ. ಥಿಯಾಗೆ 'ಪೆಲ್‌ಗೆ ಬರೆಸುವುದಕ್ಕೆ ಡಾಕ್ಟರು ಬೇಡ ಅಂದಿದ್ದಾರೆ' ಎಂದು ಹೇಳಿಟ್ಟೆ. ಅವಳು ನಂಬಿದಳು, ಚೀಟಿ ಬರೆಯುವುದನ್ನೂ ನಿಲ್ಲಿಸಿದಳು. ನಿಜವನ್ನು ಯಾವತ್ತು ಹೇಳುವುದು ಎಂದು ನಾನು ಯೋಚಿಸದೆ ಇರಲಿಲ್ಲ. ಇನ್ನೊಂದು ಪೌಂಡು ಏರಲಿ, ಇನ್ನೊಂದು ವಾರ ಹೋಗಲಿ ಎನ್ನುತ್ತ ಜೂನ್ ಬಂತು. ನನ್ನ ತಪ್ಪು ಅದೇ.

ಜೂನ್ ಹದಿನೈದಕ್ಕೆ ಅವಳಿಗೆ ಹದಿನೈದು ನಿಮಿಷ ನಡೆಯಲು ಅಪ್ಪಣೆಯಾಯಿತು. "ಇನ್ನು ಹೇಳ್ಬೋದು. ನೀವೇ ಹೇಳಿ, ನಿಮ್ಮ ಮಾತು ಕೇಳ್ತಾಳೆ," ಎಂದರು ಡಾಕ್ಟರ್. ಅದೇ ಬೆಳಿಗ್ಗೆ ಅಂಚೆಯಲ್ಲಿ ಅವಳ ಹೆಸರಿಗೆ 'ದೂರ ದಿಗಂತ'ದ ಹೊಸ ಸಂಚಿಕೆ ಬಂದಿತ್ತು. ಚಿತ್ರಕಾರರಿಗೆ ಪ್ರತಿ ತಿಂಗಳೂ ಕಳಿಸುವುದು ಪದ್ಧತಿ. ನಾನೇ ಒಯ್ದು ತಿಂಡಿಯ ತಟ್ಟೆಯ ಪಕ್ಕ ಇಟ್ಟು ಬಂದಿದ್ದೆ. ಒಳಗೆ ಏನಿದೆ ಎಂದು ತೆರೆದು ನೋಡುವ ಬುದ್ಧಿ ಬರಲಿಲ್ಲ.

ಹನ್ನೊಂದು ಗಂಟೆಗೆ ಹೇಳಲೇಬೇಕೆಂದು ಗಟ್ಟಿಮಾಡಿಕೊಂಡು ಮೇಲೆ ಹೋದೆ. ಅವಳು ಎದ್ದು ನಿಂತಿದ್ದಳು. ನೀಲಿ ಉಡುಪು ತೊಟ್ಟಿದ್ದಳು, ಅದು ಸೊಂಟದಲ್ಲಿ ಸಡಿಲವಾಗಿತ್ತು. ತಲೆ ಬಾಚಿದ್ದಳು. ಆದರೆ ಮುಖದಲ್ಲಿ ಸಂತೋಷ ಇರಲಿಲ್ಲ. ಕೈಯಲ್ಲಿ ಆ ಸಂಚಿಕೆ.

"ಇದು ಓದಿದೀರಾ ಮಾ?"

ಕ್ಯಾಪ್ಟನ್ ಹ್ಯಾಲೋವೆಯ ಹೊಸ ಧಾರಾವಾಹಿ. ಮೊದಲ ಪ್ಯಾರಾದಲ್ಲೇ ಇತ್ತು: ಚಳಿಗಾಲದಲ್ಲಿ ಸೊರಿಲ್ ಜ್ವರ ಬಂದು ಸತ್ತಳು, ಕೆರ್ನ್ ಕಣ್ಣೀರು ಹಾಕುವ ಜಾತಿಯವನಲ್ಲ, ಗಾಳಿ ಅನುಕೂಲವಾಗಿದ್ದ ದಿನ ನೋಡಿ ಹಾಯಿ ಬಿಚ್ಚಿದ. ಒಟ್ಟು ಮೂರು ಸಾಲು. ಅದೇ ಹೆಸರಿನಲ್ಲಿ ಯಾರೋ ನಾಲ್ಕನೆಯ ಕ್ಯಾಪ್ಟನ್, ನಾಯಕನನ್ನು ಮುಂದಿನ ದ್ವೀಪಕ್ಕೆ ಹೊರಡಿಸಿದ್ದ.

"ನನಗೊಂದು ಮಾತು ಹೇಳ್ಬೇಡ್ವಾ ಅವರು?" ಎಂದಳು. "ಬೇರೆಯವರು ಬರೆದಿದ್ರೂ ಸರಿ, ಇವರು ಬಿಟ್ಟುಕೊಟ್ಟಿರ್ತಾರೆ ತಾನೆ? 'ಇಲ್ಲೇ ಇರ್ತೀನಿ' ಅಂತ ಬರ್ಸಿದವರು ಇದೇ ಮನುಷ್ಯ. ನಾನು ಕೆಳಗೆ ಹೋಗ್ತೀನಿ. ಜಗಳ ಆಡಲ್ಲ, ಸುಮ್ನೆ ಮುಖ ನೋಡಿ ಕೇಳ್ತೀನಿ."

"ಕೂತ್ಕೋ ಮಗಳೇ."

"ಏಳು ತಿಂಗಳು ಮಲಗಿದೀನಿ ಮಾ. ಕೂರಲ್ಲ."

ಹಾಗೆ ನಿಂತವಳಿಗೇ ಹೇಳಿದೆ. ಸುತ್ತಿ ಬಳಸಿ ಹೇಳಲು ನನಗೆ ಬರಲಿಲ್ಲ. ಪೆಲ್ ಹೋಗಿ ಮೂರು ತಿಂಗಳಾಯಿತು ಎಂದೆ.

ಅವಳು ಅಳುತ್ತಾಳೆ, ಬೀಳುತ್ತಾಳೆ ಎಂದು ನಾನು ಕೈ ಚಾಚಿಕೊಂಡೇ ಇದ್ದೆ. ಅವಳು ಮಂಚದ ಕಂಬಿ ಹಿಡಿದು ನಿಂತಳು, ಅಷ್ಟೆ.

"ಯಾವ ದಿನ?"

"ಮಾರ್ಚ್ ಹನ್ನೊಂದು."

ಅವಳ ತುಟಿ ಅಲ್ಲಾಡಿತು. ಏನೋ ಲೆಕ್ಕ ಹಾಕುತ್ತಿದ್ದಳು. "ಬೂಟು ಹೊಲಿದದ್ದು?"

"ಆಮೇಲೆ."

"ಕುರ್ಚಿ?"

"ಅದೂ ಆಮೇಲೆ."

"ಬೆಳಿಗ್ಗೆ ಗುನುಗೋದು ಯಾರು?"

"ಯುಟಿಕಾದವನು. ಕ್ಷೌರಿಕ."

ಆಗ ಅವಳು ನಕ್ಕಳು. ಅಂಥ ನಗೆ ನಾನು ಕೇಳಿಲ್ಲ, ಇನ್ನು ಕೇಳುವುದೂ ಬೇಡ. ಮಂಚದ ಕೆಳಗಿನಿಂದ ಹಾಳೆಗಳ ಕಟ್ಟು ತೆಗೆದಳು. ಟೈಪಿಸ್ಟಳಿಂದ ವಾಪಸು ಬಂದ ಪ್ರತಿಯೊಂದು ಹಾಳೆಯನ್ನೂ ಅವಳೇ ಕೇಳಿ ಇಟ್ಟುಕೊಂಡಿದ್ದಳು. ಕಂಬಳಿಯ ಮೇಲೆ ಸುರಿದು, "ಬೇರೆ ಮಾಡಿ," ಎಂದಳು.

ಬೇರೆ ಮಾಡಿದೆ. ರಾಯ್ಡನ್ ಹೇಳಿದ್ದು ಒಂದು ಕಡೆ, ನನ್ನದು ಒಂದು ಕಡೆ. ಅವನದೇ ದೊಡ್ಡ ಕಟ್ಟು. ಆದರೆ ಓದಿ ಓದಿ ಅಂಚು ಮಾಸಿದ್ದು, ಮಡಿಕೆ ಬಿದ್ದದ್ದು, ಒಂದೆರಡು ಕಡೆ ನೀರು ಬಿದ್ದು ಪೆನ್ಸಿಲಿನ ಅಕ್ಷರ ಮಸುಕಾದದ್ದು ನನ್ನ ಕಟ್ಟು ಮಾತ್ರ. ಇಬ್ಬರೂ ಅದನ್ನು ನೋಡಿದೆವು.

"ಇವನು ಯಾರು ಹಾಗಾದ್ರೆ?" ಬೆರಳು ಬೂಟಿನ ಹಾಳೆಯ ಮೇಲಿತ್ತು.

"ನನ್ನ ಗಂಡ. ಕ್ಲೋವಿಸ್."

"ಎಲ್ಲಿದಾರೆ?"

"ಮರ ಬಿತ್ತು. ಹತ್ತು ವರ್ಷ ಆಯ್ತು."

ಕೆಳಗೆ ಯಾರೋ ಕುರ್ಚಿ ಎಳೆದ ಸದ್ದು. ಕೊನೆಗೆ, ಸಣ್ಣ ಮಗುವಿನ ದನಿಯಲ್ಲಿ ಕೇಳಿದಳು: "ಪೆಲ್ ಅವರು ನನ್ನ ಬಗ್ಗೆ ಏನಾದ್ರೂ ಹೇಳಿದ್ರಾ? ಬದುಕಿದ್ದಾಗ? ನಿಜವಾಗ್ಲೂ?"

ಆ ಮುಖ ನೋಡಿಕೊಂಡು ನಾನು ಏನು ಹೇಳಬೇಕಿತ್ತು? "ಹೇಳ್ತಿದ್ರು," ಎಂದೆ. "ಮೇಲಿನವಳ ಮುಖ ಒಂದು ಸಲ ನೋಡಿದ್ರೆ ಈ ಎಲ್ಲಾ ದ್ವೀಪಗಳನ್ನೂ ಬಿಟ್ಕೊಡ್ತೀನಿ ಮಾ, ಅಂದಿದ್ರು ಒಂದಿನ."

ಥಿಯಾ ನನ್ನನ್ನೇ ನೋಡಿದಳು.

"ಮಾ, ಇದೂ ನೀವೇ ಬರೆದದ್ದು."

ನಾನು ಕಂಬಳಿಯ ಮಡಿಕೆ ಸರಿಮಾಡಲು ಕೈಹಾಕಿದೆ.

"ಅವರ ಮಾತಿನ ಧಾಟಿ ಇದಲ್ಲ. ನಿಮ್ಮದು ಈಗ ನನಗೆ ಎಲ್ಲಿದ್ರೂ ಗೊತ್ತಾಗುತ್ತೆ. ನಿಜ ಹೇಳಿ. ಅವರು ಏನಂದ್ರು?"

ಹತ್ತು ವರ್ಷ ಬಾಯಲ್ಲಿ ಬೆಣ್ಣೆ ಇಟ್ಟುಕೊಂಡು ಎಲ್ಲರನ್ನೂ ಸಮಾಧಾನ ಮಾಡಿದವಳು ನಾನು. ಆ ಗಳಿಗೆಯಲ್ಲಿ ಮಾತ್ರ ಸುಳ್ಳು ಒಂದೂ ಉಳಿದಿರಲಿಲ್ಲ.

"ಒಂದ್ಸಲ ಬಾಗ್ಲು ಹಾಕಿ ಅಂದ್ರು. ಮೇಲಿನವರ ಕೆಮ್ಮು ಕೇಳಿ ಕತೆ ತಪ್ಪಿಹೋಗುತ್ತೆ ಅಂತ. ಅಷ್ಟೇ."

ಅವಳು ತಲೆ ಆಡಿಸಿದಳು, ಅದೇ ಸರಿ ಎನ್ನುವ ಹಾಗೆ. ಆಮೇಲೆ ಹಾಳೆಗಳನ್ನು ದಾಟಿ, ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದಳು. ನಾನು ಹಿಂದೆ ಹೊರಟಾಗ, "ಬರ್ಬೇಡಿ. ಹದಿನೈದು ನಿಮಿಷ ನನ್ನದು," ಎಂದಳು. ಕೆಳಗಿನ ವರಾಂಡದಲ್ಲಿದ್ದ ಗಂಡಸರು ಗೌರವದಿಂದ ಕಂಬಳಿಯೊಳಗಿಂದಲೇ ಟೋಪಿ ಎತ್ತಿದರು. ಯಾರೂ ಕಸಿನ್ ಮಾತು ಆಡಲಿಲ್ಲ. ಮೂಲೆಯ ಮಂಚದ ಮುಂದೆ ಅವಳು ಅರೆಗಳಿಗೆ ನಿಂತಳಂತೆ. ಕ್ಷೌರಿಕ ಎದ್ದು ಕೂತು ನಮಸ್ಕಾರ ಹೇಳಿದನಂತೆ. ನೀವು ಚೆನ್ನಾಗಿ ಗುನುಗುತ್ತೀರಿ ಎಂದು ಹೇಳಿ ಬೀದಿಗೆ ಇಳಿದಳಂತೆ.

ಮರುವಾರ ಅವಳು ಕೆರೆಯ ಆಚೆ ದಡದ ಇನ್ನೊಂದು ಮನೆಗೆ ಹೋದಳು. ನಿಜವಾಗಿಯೂ ಬೇರೆ ಮನೆಗೆ. ಕಾರು ಬಂದಾಗ ನಾನು ಬಾಗಿಲಲ್ಲಿದ್ದೆ. "ನಿಮ್ಮಿಂದ ಬದುಕಿದೆ ಮಾ, ಅದು ಗೊತ್ತು," ಎಂದಳು. "ಅದಕ್ಕೇ ನಿಮ್ಮ ಮುಖ ನೋಡೋಕಾಗಲ್ಲ." ರಾಯ್ಡನ್‌ನ ಕಟ್ಟನ್ನು ಮಂಚದ ಮೇಲೆ ಬಿಟ್ಟಿದ್ದಳು. ನನ್ನ ಕಟ್ಟನ್ನು ತೆಗೆದುಕೊಂಡು ಹೋಗಿದ್ದಳು. ಕೇಳಿದ್ದರೆ ಕೊಡುತ್ತಿದ್ದೆನೋ ಇಲ್ಲವೋ, ಕೇಳಲಿಲ್ಲ.

ರಾಯ್ಡನ್‌ನ ಹಾಳೆಗಳನ್ನು ಟೊಲೀಡೋದಲ್ಲಿದ್ದ ಅವನ ತಾಯಿಗೆ ಕಳಿಸಿದೆ. ಥಿಯಾ ಮುಂದಿನ ವಸಂತದಲ್ಲಿ ಪೂರ್ತಿ ವಾಸಿಯಾಗಿ ಬ್ರೂಕ್ಲಿನ್ನಿಗೆ ಮರಳಿದಳೆಂದು ಡಾಕ್ಟರ್ ಹೇಳಿದರು. ಅವರ ಲೆಕ್ಕದಲ್ಲಿ ಇದು ಗೆದ್ದ ಕೇಸು. ನನ್ನ ಲೆಕ್ಕದಲ್ಲೂ ಗೆದ್ದದ್ದೇ. ಬದುಕಿರುವ ಹುಡುಗಿ ಸಿಟ್ಟು ಮಾಡಿಕೊಂಡಿದ್ದರೂ ಬದುಕಿದ್ದಾಳೆ.

ಆದರೆ ನನ್ನದೊಂದು ಹೋಯಿತು. ಕ್ಲೋವಿಸ್‌ನ ಫೋಟೋ ನಮ್ಮಲ್ಲಿ ಒಂದೂ ಇಲ್ಲ. ಮರ ಕಡಿಯುವವರ ಬಿಡಾರಕ್ಕೆ ಯಾರು ಕ್ಯಾಮರಾ ತರುತ್ತಾರೆ? ಹತ್ತು ವರ್ಷ ಅವನನ್ನು ಕಣ್ಣೊಳಗೇ ಇಟ್ಟುಕೊಂಡಿದ್ದೆ. ಆ ಚಳಿಗಾಲದಲ್ಲಿ ದಿನವೂ ಅವನನ್ನು ಹಾಳೆಯ ಮೇಲೆ ಇಳಿಸಿ ಮೇಲಕ್ಕೆ ಒಯ್ದೆ. ದಿನವೂ ಥಿಯಾ ಬರೆದ ಕೆರ್ನ್‌ನ ಮುಖವನ್ನು ಕೆಳಗೆ ತಂದೆ, ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು ನೋಡಿದೆ. ನೇರ ಮೂಗು, ಅಗಲ ಹಣೆ, ಬಹಳ ಚೆಂದದ ಮುಖ. ಕ್ಲೋವಿಸ್‌ನ ಮೂಗು ಮುರಿದು ಒಂದು ಕಡೆಗೆ ವಾಲಿತ್ತು, ಹುಬ್ಬಿನ ಮೇಲೆ ಗಾಯದ ಕಲೆ ಇತ್ತು. ಅದನ್ನು ನಾನು ಹೇಳಬಲ್ಲೆ, ಯಾರಾದರೂ ಕೇಳಿದರೆ. ಆದರೆ ಕಣ್ಣು ಮುಚ್ಚಿದರೆ, ಒಲೆಯ ಮುಂದೆ ಗೋಡೆಗೊರಗಿ ನನ್ನ ಬೂಟು ಹೊಲಿಯುತ್ತಿರುವವನು ತಲೆ ಎತ್ತಿ ನೋಡಿದರೆ, ಅವನ ಮೂಗು ನೆಟ್ಟ ನೇರವಾಗಿದೆ.